ಹತ್ತರ ಎಣಿಕೆ

ಕೇಕ್ ಮಾಡುವವರೆಲ್ಲ ಈಗ ಡಿಗ್ರಿ, ನಿಮಿಷ ಅಂತ ಬಡಬಡಿಸುತ್ತಾರೆ. ನಾನು ಇಪ್ಪತ್ತೆರಡು ವರ್ಷ ಓವನ್ನಿನ ಬಾಗಿಲು ತೆಗೆದು, ಬಲಗೈ ಒಳಗಿಟ್ಟು ಎಣಿಸಿದವಳು. ಹತ್ತು ಎನ್ನುವಷ್ಟರಲ್ಲಿ ಕೈ ತಾನಾಗಿ ಹಿಂದೆ ಬಂದರೆ ಕಾವು ಸರಿ. ಆರಕ್ಕೇ ಬಂದರೆ ಇಳಿಸು, ಹದಿನೈದಾದರೂ ಬರದಿದ್ದರೆ ಏರಿಸು. ಈ ಬೀದಿಯ ಅರ್ಧ ಮಕ್ಕಳ ಹುಟ್ಟುಹಬ್ಬದ ಕೇಕ್ ಬೇಯಿಸಿದ್ದು ಈ ಕೈಯೇ. ಜಂಬ ಅಂತೀರಾ? ಅನ್ನಿ.

ಜೊತೆಗೆ ತಂಗಿ ಇದ್ದಳು, ಗಂಡ ಬಿಟ್ಟುಹೋದ ಮೇಲೆ ನನ್ನ ಮನೆಗೇ ಬಂದವಳು. ಹಿಟ್ಟು ಕಲಸುವುದು, ಟಿನ್ನಿಗೆ ಬೆಣ್ಣೆ ಸವರುವುದು ಅವಳ ಪಾಲು. ಓವನ್ ಮಾತ್ರ ನನ್ನದು. ಈ ನಡುವೆ ಅದು ಹಳತಾಗಿ ಕಾವೇ ಹಿಡಿಯುತ್ತಿಲ್ಲ ಅಂತ ದಿನಾ ಗುಂಡಿ ತಿರುಗಿಸಿ ಏರಿಸುತ್ತಿದ್ದೆ.

ಸೋಮವಾರ ಬೆಳಿಗ್ಗೆ ಹಾಗೇ ಏರಿಸಿ, ಮೊಟ್ಟೆ ತರಲು ಹೊರಟೆ. ಚೀಲ ಮರೆತು ಅರ್ಧ ದಾರಿಯಿಂದ ವಾಪಸ್ ಬಂದರೆ, ಇವಳು ಗುಂಡಿ ಹಿಡಿದು ಮೆಲ್ಲಗೆ ಇಳಿಸುತ್ತಿದ್ದಾಳೆ!

"ಏನೇ ಮಾಡ್ತಿದೀಯ?"

"ಏನಿಲ್ಲ ಅಕ್ಕ... ಸ್ವಲ್ಪ ಜಾಸ್ತಿ ಆಯ್ತೇನೋ ಅಂತ."

"ಎಷ್ಟು ದಿನದಿಂದ ಈ ಕಳ್ಳಾಟ?"

ಗುಂಡಿ ಬಿಟ್ಟು ಹಿಟ್ಟು ಕಲಸಲು ಹೋದಳು. ನನಗೆ ಮೈಯೆಲ್ಲ ಉರಿದುಹೋಯಿತು. ಉಂಡ ಮನೆಯಲ್ಲೇ ನಿಂತು ನನ್ನ ಹೆಸರು ಕೆಡಿಸುತ್ತಿದ್ದಾಳೆ ಅನ್ನಿಸಿತು. ಬಾಯಿಗೆ ಬಂದಂತೆ ಬೈದೆ. ಸಾಲದ್ದಕ್ಕೆ ಇದನ್ನೂ ಅಂದೆ: "ನಿನ್ನ ಗಂಡ ಸುಮ್ಸುಮ್ನೆ ಬಿಟ್ಟುಹೋಗ್ಲಿಲ್ಲ ಬಿಡು. ನಿನ್ನಂಥವಳ ಜೊತೆ ಯಾವನು ಬಾಳ್ತಾನೆ?"

ಅವಳು ಕೈ ತೊಳೆದುಕೊಂಡು, ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು ಹೊರಟುಹೋದಳು. ಪೀಡೆ ತೊಲಗಿತು ಅಂದುಕೊಂಡೆ.

ಮಂಗಳವಾರದ ಕೇಕ್ ಮೇಲೆಲ್ಲ ಇದ್ದಿಲು, ಒಳಗೆ ಹಸಿ ಹಿಟ್ಟು. ಬುಧವಾರವೂ ಅದೇ ಹಣೆಬರಹ. ರಿಪೇರಿಯವನನ್ನು ಕರೆಸಿದೆ. ಅವನು ತನ್ನ ಥರ್ಮಾಮೀಟರ್ ಒಳಗಿಟ್ಟು ನೋಡಿ, "ಓವನ್ ಸರಿಯಾಗೇ ಇದೆ ಅಮ್ಮ. ನೀವೇ ಇನ್ನೂರೈವತ್ತು ಡಿಗ್ರಿಗೆ ಇಟ್ಟಿದೀರ. ಕೇಕಿಗೆ ನೂರೆಂಬತ್ತು ಸಾಕು," ಅಂದ.

ನಿನ್ನ ತಲೆ, ಎಂದು ಅವನೆದುರೇ ಕೈ ಒಳಗಿಟ್ಟು ಎಣಿಸಿದೆ. ಹತ್ತಾಯಿತು. ಹದಿನೈದಾಯಿತು. ಹದಿನೆಂಟಕ್ಕೆ ಅವನು "ಅಯ್ಯಯ್ಯೋ!" ಎಂದು ಕಿರುಚಿ ನನ್ನ ಮೊಣಕೈ ಹಿಡಿದೆಳೆದ. ಬೆರಳುಗಳ ಹಿಂಬದಿ ಒಳಗಿನ ಕಂಬಿಗೆ ತಾಗಿ ಚರ್ಮ ಸುಲಿದಿತ್ತು. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ನೋವು ಮಾತ್ರ ಇಲ್ಲ.

ಅವನು ನನ್ನ ಕೈಯನ್ನು ನಲ್ಲಿಯ ಕೆಳಗೆ ಹಿಡಿದಿದ್ದಂತೆಯೇ, ಎಡಗೈಯಲ್ಲಿ ತಂಗಿಗೆ ಫೋನ್ ಮಾಡಿದೆ.

"ನನ್ನ ಕೈ ಸತ್ತಿರೋದು ನಿಂಗೆ ಗೊತ್ತಿತ್ತಾ?"

"ಮೂರು ತಿಂಗಳಿಂದ ಗೊತ್ತು. ನಂಗೆ ಮುಟ್ಟೋಕೂ ಆಗದ ಬಿಸಿ ಲೋಟ ಹಿಡ್ಕೊಂಡು ಹರಟೆ ಹೊಡೀತಾ ನಿಂತಿದ್ದೆ ನೀನು. ಸಕ್ಕರೆ ಕಾಯಿಲೆಗೆ ನಿನ್ನ ಕಾಲಿನ ಹಾಗೇ ಕೈಯೂ ಮರಗಟ್ಟಿದೆ ಅಕ್ಕ."

"ಹೇಳಬಾರದಿತ್ತೇನೇ?"

"ಹೇಗೆ ಹೇಳ್ಲಿ? ಆ ಕೈ ಬಿಟ್ರೆ ನಿಂಗೆ ಇನ್ನೇನಿದೆ? ನೀನು ಏರಿಸಿದ್ದನ್ನ ನಾನು ಇಳಿಸ್ಕೊಂಡು ಹೋದ್ರಾಯ್ತು ಅಂದ್ಕೊಂಡೆ."

"ತಪ್ಪಾಯ್ತು ಕಣೇ. ಮನೆಗೆ ಬಾ."



"ಡಾಕ್ಟರಿಗೆ ತೋರಿಸು ಅಕ್ಕ. ನಾನು ಮಾತ್ರ ಬರಲ್ಲ. ಅಂಥ ಮಾತನ್ನ ಬಿಟ್ಟುಹೋದವನೂ ಅಂದಿರ್ಲಿಲ್ಲ."

ಫೋನ್ ಇಟ್ಟುಬಿಟ್ಟಳು. ನಾನು ಗೊಳೋ ಎಂದು ಅತ್ತೆ. ಸುಟ್ಟ ಗಾಯಕ್ಕೆ ಅಳುತ್ತಿದ್ದೇನೆ ಅಂದುಕೊಂಡು, ಪಾಪ, ರಿಪೇರಿಯವನು ನಲ್ಲಿಯನ್ನು ಇನ್ನೂ ಜೋರಾಗಿ ತಿರುಗಿಸಿದ.