ದೊಡ್ಡಪ್ಪನ ಬೆನ್ನ ಹಿಂದಿನ ಚಂದ್ರ

ಬೆಳಿಗ್ಗೆ ಮುಖ ತೊಳೆದ ಕೂಡಲೇ ನಾನು ಹೋಗಿ ಒಂದು ಕಲ್ಲಿಗೆ ತಲೆಬಾಗಬೇಕಿತ್ತು. ಅದು ನನ್ನ ದೊಡ್ಡಪ್ಪ.

ಕಳೆದ ಚಳಿಗಾಲ ಅಪ್ಪ ಅದನ್ನು ತಾಯ್ ಎಂಬ ಸರೋವರದಿಂದ ದೋಣಿಯಲ್ಲಿ ತರಿಸಿದರು. ಬಾಗಿಲಲ್ಲಿ ತೂರಲಿಲ್ಲವೆಂದು ತೋಟದ ಗೋಡೆ ಒಡೆಸಿದರು. ಆಮೇಲೆ ಊದುಕಡ್ಡಿ ಹಚ್ಚಿ, ಒಂದು ಬಟ್ಟಲು ಅಕ್ಕಿಮದ್ಯ ತಾವು ಕುಡಿದು, ಇನ್ನೊಂದನ್ನು ಕಲ್ಲಿನ ಮೇಲೆ ಸುರಿದು, ಅದರೊಂದಿಗೆ ಅಣ್ಣತಮ್ಮಂದಿರ ಪ್ರಮಾಣ ಮಾಡಿದರು. ನಮ್ಮ ಸೂಜೌ ಪಟ್ಟಣದಲ್ಲಿ ಕಲ್ಲನ್ನು ಅಣ್ಣಾ ಎಂದು ಕರೆಯುವ ಹುಚ್ಚು ಹಲವರಿಗಿದೆ. ಅವರು ಕರೆದು ಸುಮ್ಮನಾಗುತ್ತಾರೆ. ಅಪ್ಪ ಹುದ್ದೆ ಕಳೆದುಕೊಂಡ ಅಧಿಕಾರಿ. ಪಾಲಿಸಲು ಅವರಿಗೆ ನಿಯಮಗಳು ಬೇಕಿದ್ದವು. ಅಣ್ಣನಾದವನಿಗೆ ಮನೆಯ ಮೇಲಾದ ಜಾಗ ಸಲ್ಲಬೇಕು ಎಂದರು.

ಮೇಲಾದ ಜಾಗವೆಂದರೆ ತಾತ ಕಟ್ಟಿಸಿದ, ಚಂದ್ರ ನೋಡುವ ಮಂಟಪದ ಮುಂಭಾಗ. ಮಂಟಪದ ಹಿಂಗಾಲುಗಳು ದಡದಲ್ಲಿ, ಮುಂಗಾಲುಗಳು ಕೊಳದಲ್ಲಿ. ಅದರ ಎದುರಿಗೇ ನೀರಿನಲ್ಲಿ ದಿಬ್ಬ ಕಟ್ಟಿ ದೊಡ್ಡಪ್ಪನನ್ನು ನಿಲ್ಲಿಸಿದರು. ಅಂದಿನಿಂದ ಅಲ್ಲಿ ಕೂತವರಿಗೆ ಚಂದ್ರನೂ ಇಲ್ಲ, ಕೊಳವೂ ಇಲ್ಲ. ದೊಡ್ಡಪ್ಪನ ಬೆನ್ನು ಮಾತ್ರ.

ಅಜ್ಜಿಗೆ ಕಣ್ಣಿನ ಪೊರೆ ಬೆಳೆಯುತ್ತಿತ್ತು. ಮುಂದಿನ ವರ್ಷದ ಹೊತ್ತಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಗೊತ್ತಾಗದು ಎಂದು ವೈದ್ಯ ಹೇಳಿದ್ದ. ಶರತ್ಕಾಲದ ಹಬ್ಬದ ಹುಣ್ಣಿಮೆಯಲ್ಲಿ ನೀರಿಗೆ ಬೀಳುವ ಚಂದ್ರನನ್ನು ಕಣ್ಣಿರುವಾಗಲೇ ಇನ್ನೊಮ್ಮೆ ನೋಡಬೇಕೆಂದು ಅವಳ ಹಟ.

“ಅಡುಗೆಮನೆ ಅಂಗಳದಿಂದ ಚೆನ್ನಾಗಿ ಕಾಣ್ತಾನಮ್ಮ,” ಎಂದರು ಅಪ್ಪ.

“ಆಕಾಶದಲ್ಲಿರೋನ್ನ ಸೌದೆ ಒಡೆಯೋನೂ ನೋಡ್ತಾನೆ. ನಂಗೆ ನೀರಲ್ಲಿರೋನು ಬೇಕು. ಚಿಕ್ಕಂದಿನಲ್ಲೇ ಬಟ್ಟೆ ಬಿಗಿದು ಕಟ್ಟಿದ ಈ ಕಾಲು ಹೊತ್ಕೊಂಡು ದಡದ ಬಂಡೆ ಮೇಲೆ ಕುಣೀಲಾ? ಆ ಕಲ್ಲನ್ನ ಸರಿಸು.”

“ಅಣ್ಣನ್ನ ಏಳು ಅಂತ ತಮ್ಮ ಹೇಳಕ್ಕಾಗತ್ತಾ? ಅಪ್ಪಣೆ ಕೇಳಿದೀನಿ. ಯೋಚನೆ ಮಾಡ್ತಿದಾರೆ.”

“ಪ್ಲಮ್ ಹೂ ಬಿಟ್ಟಾಗಿಂದ ಯೋಚನೆ ಮಾಡ್ತಾನೇ ಇದಾನೆ!”

ಹಬ್ಬದ ಮಧ್ಯಾಹ್ನ ಅಪ್ಪನ ಗೆಳೆಯರಾದ ಖ್ವಾಂಗ್ ಪಂಡಿತರು ಬಂದರು. ಕಲ್ಲುಗಳ ವಿಷಯದಲ್ಲಿ ಅವರ ಮಾತೇ ಕೊನೆ. ದೊಡ್ಡಪ್ಪನ ಸುತ್ತ ಕಣ್ಣಾಡಿಸಿ, “ಆಹಾ! ಒಳ್ಳೇ ಕಲ್ಲು ಸೊರಗಿರಬೇಕು, ಸುಕ್ಕಾಗಿರಬೇಕು, ಮೈತುಂಬ ತೂತಿರಬೇಕು, ಮಳೆ ಬಂದ್ರೆ ಎಲ್ಲಾ ಕಡೆ ಸೋರಬೇಕು!” ಎಂದರು.

“ಹಾಗಾದ್ರೆ ನನ್ನನ್ನೇ ನಿಲ್ಲಿಸಿ,” ಎಂದಳು ಅಜ್ಜಿ. “ಸರೋವರದೋರು ಉಳಿ ಹಿಡಿದು ತೂತು ಕೊರೆದು, ನೀರಲ್ಲಿ ನೆನೆಹಾಕಿ ಮಾರ್ತಾರಂತಲ್ಲ?”

ಅಪ್ಪನ ಮುಖ ಕೆಂಪಾಯಿತು. “ಅಣ್ಣನ ತೂತುಗಳು ಹುಟ್ತಾನೇ ಬಂದಿರೋದು!”

ಅಜ್ಜಿ ಕೋಲನ್ನು ಹತ್ತಿರಕ್ಕೆಳೆದುಕೊಂಡಳು. ಆಮೇಲೆ ಅಪ್ಪನನ್ನು ಮೆಲ್ಲಗೆ ಕೇಳಿದಳು: “ಯುನ್‌ಗೂ, ನಿನ್ನ ಅಣ್ಣ ಅಂದ್ರೆ ನಂಗೆ ಏನಾಗ್ಬೇಕಪ್ಪ?”

ಅಪ್ಪ ಪಂಡಿತರ ಮುಖ ನೋಡಿದರು. ಪಂಡಿತರು ಗಡ್ಡ ನೀವಿಕೊಂಡು, “ಶಾಸ್ತ್ರದ ಪ್ರಕಾರ... ಮಗನೇ,” ಎಂದರು.

“ಮಗ! ಈ ಮನೇಗೆ ಬಂದು ಇಷ್ಟು ದಿನ ಆಯ್ತು, ಒಂದು ದಿನ ತಾಯಿ ಹತ್ರ ಬಂದು ತಲೆಬಾಗಿಲ್ಲ. ತಾಯಿಗೆ ಬೆನ್ನು ತೋರಿಸ್ಕೊಂಡು ನಿಂತಿದಾನೆ, ಕತ್ತೆ!”

ಅವಳು ಕೋಲೂರುತ್ತ ಮಂಟಪದ ತುದಿಗೆ ಹೋಗಿ ದೊಡ್ಡಪ್ಪನಿಗೆ ನಾಲ್ಕು ಬಿಟ್ಟಳು. ಅಪ್ಪ ಅಡ್ಡ ಹೋಗಿ ಮೊಣಕಾಲೂರಿದರು. “ಅಮ್ಮ, ಅಣ್ಣನ ಬದಲು ನಂಗೆ ಹೊಡಿ!”

“ನಿಂಗೂ ಇದೆ, ತಾಳು.” ಅವರಿಗೂ ಒಂದು ಬಿತ್ತು. “ದೊಡ್ಡೋನೇ, ಕೇಳಿಸ್ಕೋ. ಬಂದು ತಾಯಿ ಬೆನ್ನ ಹಿಂದೆ ನಿಂತ್ಕೋ. ಮಗ ನಿಲ್ಲೋದು ಅಲ್ಲಿ.”

ಅಪ್ಪ ಎದ್ದಾಗ ಮುಖದಲ್ಲಿ ನಿಜಕ್ಕೂ ಸಮಾಧಾನವಿತ್ತು. ತಾಯಿಯ ಅಪ್ಪಣೆಗೆ ಎದುರಿಲ್ಲ; ಅಣ್ಣನ ಗೌರವಕ್ಕೂ ಕುಂದಿಲ್ಲ. ಕೂಡಲೇ ಹಮಾಲಿಗಳಿಗೆ ಹೇಳಿಕಳುಹಿಸಿದರು.

ಅಜ್ಜಿ ಕೂರುವುದು ಮಂಟಪದ ತುತ್ತತುದಿಯಲ್ಲಿ. ಅವಳ ಬೆನ್ನ ಹಿಂದೆ ಎಂದರೆ ಮಂಟಪದೊಳಗೇ. ಹಮಾಲಿಗಳ ಮುಖಂಡ ನೆಲದ ಹಲಗೆಯನ್ನು ಹಿಮ್ಮಡಿಯಿಂದ ಒತ್ತಿ ನೋಡಿ, “ಧಣಿ, ಇದು ತಡೆಯಲ್ಲ,” ಎಂದ.

“ತಾಯಿ ಮಾತು ತಡೆಯತ್ತೆ. ಎತ್ತಿ,” ಎಂದರು ಅಪ್ಪ.

ಮಂಟಪದಂಚಿನ ಕಟಾಂಜನ ಮುರಿದು, ಹಗ್ಗ ಕಟ್ಟಿ, ಬಿದಿರ ಗಳು ಹೊತ್ತು, ಬೈಗುಳದ ಜೊತೆ, ಕತ್ತಲಾಗುವ ಹೊತ್ತಿಗೆ ದೊಡ್ಡಪ್ಪನನ್ನು ಒಳಗೆ ತಂದಿಳಿಸಿದರು. ಅಜ್ಜಿ ಅದರ ಮುಂದೆ ಕೂತಳು, ಅವಳ ಪಕ್ಕ ನಾವೂ ಕೂತೆವು. ಮಂಟಪ ಒಮ್ಮೆ ನರಳಿ ಕೊಳದ ಕಡೆ ವಾಲಿತು. ತಟ್ಟೆಯಲ್ಲಿದ್ದ ಹಬ್ಬದ ಚಂದ್ರಕಡುಬುಗಳು ಒಂದೊಂದಾಗಿ ಜಾರಿ ನೀರಿಗೆ ಬಿದ್ದವು. ಹಮಾಲಿಗಳು ಓಡಿದರು. ಪಂಡಿತರು ಓಡುವಂತಿರಲಿಲ್ಲ. ಮನೆಯ ಹಿರಿಯರು ಏಳುವ ಮುನ್ನ ಉಳಿದವರು ಏಳುವಂತಿಲ್ಲ.

ಅಷ್ಟರಲ್ಲಿ ತೋಟದ ಗೋಡೆಯ ಮೇಲೆ ಚಂದ್ರ ಬಂದ. ಕದಡಿದ ಕೊಳ ನಿಧಾನವಾಗಿ ತಿಳಿಯಾಯಿತು. ಮಂಟಪ ಬಾಗಿದ್ದರಿಂದ ಅಜ್ಜಿ ಕತ್ತು ಬಗ್ಗಿಸುವುದೂ ಬೇಕಿರಲಿಲ್ಲ; ಅವಳ ಮೂಗಿನ ಕೆಳಗೇ ಹಳದಿ ಚಂದ್ರ ತೇಲುತ್ತಿದ್ದ. ಅವಳು ಕಣ್ಣು ಕಿರಿದು ಮಾಡಿ ನೋಡುತ್ತ ಕೂತಳು. ಅವಳು ಅಷ್ಟು ಹೊತ್ತು ಬೈಯದೆ ಇದ್ದದ್ದನ್ನು ನಾನು ಕಂಡಿರಲಿಲ್ಲ.

ಹಲಗೆ ಇನ್ನೊಮ್ಮೆ ಕಿರ್ರೆಂದಿತು. ನೀರು ಪಂಡಿತರ ನಿಲುವಂಗಿಯ ಅಂಚನ್ನು ತೋಯಿಸಿತು.

“ಅಮ್ಮ, ಇನ್ನು ಏಳೋಣ್ವಾ?” ಅಪ್ಪ ಪಿಸುಗುಟ್ಟಿದರು.

“ನಾನು ಈಗ ತಾನೇ ಕೂತಿದೀನಿ.”

“ತಾಯಿ, ಮಂಟಪ ಇಳೀತಿದೆ,” ಎಂದರು ಪಂಡಿತರು.

“ಇಳೀಲಿ. ಇನ್ನೂ ಹತ್ರ ಆಗತ್ತೆ.”

ನೀರು ನನ್ನ ಬೂಟಿನೊಳಗೆ ಬಂತು. ತಣ್ಣಗಿತ್ತು. ನಾನು ಕಾಲು ಎಳೆದುಕೊಂಡೆ. ಕೊಳದಲ್ಲಿ ಅಲೆಯೆದ್ದು ಚಂದ್ರ ಚೂರುಚೂರಾದ.

“ಲೋ, ಕಾಲು ಅಲ್ಲಾಡಿಸ್ಬೇಡ್ವೋ,” ಎಂದಳು ಅಜ್ಜಿ. “ನೋಡ್ತಿದೀನಿ.”

ನಾನು ಕಾಲನ್ನು ಮತ್ತೆ ನೀರಿಗಿಟ್ಟೆ.