ದರ್ಭೆಯ ಮೈ

"ಈ ಹನ್ನೆರಡು ವರ್ಷದಾಗ ನಿಮ್ಮಣ್ಣನ ಸುದ್ದಿ ಏನಾರ ಬಂದದೇನೋ ಜಯತೀರ್ಥ? ಇಲ್ಲಂದ್ರ ಇಲ್ಲ ಅಂತ ಬಾಯಿಬಿಟ್ಟು ಹೇಳು," ಎಂದರು ಪೌರೋಹಿತ್ಯಕ್ಕೆ ಕೂತಿದ್ದ ಕಾಕಾ, ಸೇತುಮಾಧವಾಚಾರ್ಯರು.

ಆದೋನಿಯ ಆ ಮನೆಯ ಪಡಸಾಲೆಯಲ್ಲಿ ದರ್ಭೆಯ ಕಟ್ಟು ನೀರಲ್ಲಿ ನೆನೆಯುತ್ತಿತ್ತು. ಮನೆ ಬಿಟ್ಟವನು ಹನ್ನೆರಡು ವರ್ಷ ಬಾರದಿದ್ದರೆ ದರ್ಭೆಯಲ್ಲೇ ಅವನ ಮೈ ಕಟ್ಟಿ ಸುಡಬೇಕು. ಮಕ್ಕಳಿಲ್ಲದ ಅಣ್ಣ ವಾಸುದೇವನಿಗೆ ಕೊಳ್ಳಿ ಇಡಬೇಕಾದವನು ತಮ್ಮ ಜಯತೀರ್ಥನೇ. ಅಲ್ಲಿಗೆ ಅತ್ತಿಗೆ ಅಂಬೂಬಾಯಿಯ ಕುಂಕುಮವೂ ಮುಗಿಯಿತು.

ಜಯತೀರ್ಥನ ಬಾಯಿಂದ ‘ಇಲ್ಲ’ ಹೊರಡಲಿಲ್ಲ. ಬಾಗಿಲ ಸಂದಿಯಿಂದ ಅಂಬೂಬಾಯಿಯೇ ಅಂದಳು:

"ಸುದ್ದಿ ಇಲ್ಲ. ಆದ್ರ ಕೆಮ್ಮು ಕೇಳ್ತದ. ಎಂದಾರ ಒಮ್ಮೆ, ಹಿತ್ತಲ ಕಡೆ. ಅವರದೇ ಕೆಮ್ಮು."

"ಹತ್ತಿ ಗಿರಣಿ ಧೂಳಿಗೆ ಊರಿಗೆ ಊರೇ ಕೆಮ್ತದವ್ವಾ," ಎಂದರು ಆಚಾರ್ಯರು.

ಜಯತೀರ್ಥನಿಗೆ ತಡೆಯಲಾಗಲಿಲ್ಲ. "ಹಂಗ ತೆಗೆದುಹಾಕಬ್ಯಾಡ್ರಿ ಕಾಕಾ. ಮುಂಬಯಿಯೊಳಗ ನನ್ನ ಕೆಲಸಾನೇ ಅದು. ಪರದೇಶದವರ ಉಪಗ್ರಹ ಒಂದು ಆಕಾಶದಾಗ ತಿರುಗ್ತದ, ಕಣ್ಣಿಗೆ ಕಾಣದ ಗಾಮಾ ಕಿರಣ ಹಿಡೀತದ. ಎಷ್ಟೋ ಹೊತ್ತಿಗೆ ಒಂದು ಕಿರಣ, ಅಷ್ಟೇ. ಅವು ಬಂದ ಹೊತ್ತೆಲ್ಲಾ ಒಂದರ ಮ್ಯಾಲೊಂದು ಕೂಡಿಸಿ ನೋಡಿದ್ರ ನಾಡಿ ಬಡಿದಂಗ ಕಾಣ್ತದ. ಅಂಥ ನಕ್ಷತ್ರಕ್ಕ ಪಲ್ಸಾರ್ ಅಂತಾರ."

"ಅದರ ಗೋತ್ರ ಯಾವುದಪ್ಪಾ ಮುಂಬಯಿ ಪಂಡಿತ?" ಎಂದು ನಕ್ಕರು ಆಚಾರ್ಯರು.

ಅಂಬೂಬಾಯಿ ಮಾತ್ರ ನಗಲಿಲ್ಲ. ಹೊಸ್ತಿಲು ದಾಟಿ ಅವನ ಎದುರಿಗೇ ಬಂದಳು. ಮುಖ ಅರಳಿತ್ತು.

"ಎಂದೋ ಒಂದು ಬಂದ್ರೂ ನಾಡಿ ಅದ ಅಂತೀ ಹೌದಲ್ಲೋ?"

"ಅದ ವೈನಿ."

"ಹಂಗಾರ ನಕ್ಷತ್ರಕ್ಕ ಜೀವ ಅದ."

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅಲ್ಲಿ ಅವನನ್ನು ತಿದ್ದುವವರು ಯಾರೂ ಇರಲಿಲ್ಲ. ಆದರೆ ನಾಲಿಗೆ ರೂಢಿಯಂತೆ ಹೊರಳಿಬಿಟ್ಟಿತು.

"ಇಲ್ಲ ವೈನಿ. ಅದು ಸತ್ತ ನಕ್ಷತ್ರ. ಸತ್ತ ಮ್ಯಾಲೇ ಹಂಗ ಬಡೀಲಿಕ್ಕೆ ಹತ್ತೋದು."

ಆಡಿದ ಮೇಲೆ ತಾನೇನು ಆಡಿದೆನೆಂದು ಅವನಿಗೇ ತಿಳಿಯಿತು. ಅಂಬೂಬಾಯಿ ಹಿತ್ತಲ ಬಾಗಿಲ ಕಡೆ ತಿರುಗಿ, ಯಾರೋ ಕರೆದಂತೆ, ಬಹಳ ಹೊತ್ತು ಕಿವಿಗೊಟ್ಟು ನಿಂತಳು.

"ಹೌದಾ," ಅಂದಳು ಕಡೆಗೆ. "ಹಂಗಾರ ಕಟ್ರಿ."

ತಲೆ, ಎದೆ, ತೋಳು, ತೊಡೆ ಎಂದು ಆಚಾರ್ಯರು ಕಟ್ಟುತ್ತ ಹೋದರು, ಜಯತೀರ್ಥ ದಾರ ಕೊಡುತ್ತ ಹೋದ. ಕೃಷ್ಣಾಜಿನದ ಮೇಲೆ ಹಸಿರು ಮೈ ನೀಟಾಗಿ ಚಾಚಿಕೊಂಡಿತು. ಅಂಬೂಬಾಯಿ ಅದರ ಕಾಲ ಬಳಿ ಕೂತಳು.

"ಇಷ್ಟು ನೆಟ್ಟಗ ಅವರು ಎಂದೂ ಮಲಗಿದವರಲ್ಲ," ಎನ್ನುತ್ತ ದರ್ಭೆಯ ಮೊಣಕಾಲನ್ನು ಮೆಲ್ಲಗೆ ಮಡಿಸಿದಳು. ಕೈ ತೆಗೆದರೆ ಹಸಿ ಹುಲ್ಲು ತಾನಾಗಿ ನೆಟ್ಟಗಾಗುತ್ತಿತ್ತು. ಮತ್ತೆ ಮಡಿಸಿದಳು, ಈ ಸಲ ಕೈ ತೆಗೆಯಲಿಲ್ಲ.