ಅಂಗೈಗೆ ತಿಳಿದದ್ದು

ಒಂದು ಗುಂಡಿ ಹಾಕಿಕೊಳ್ಳಲು ಇಷ್ಟು ಹೊತ್ತೇ? ಹೆರಿಗೆ ಡಾಕ್ಟರು ಕನ್ನಡಿಯ ಮುಂದೆ ನಿಂತು ಬಿಳಿ ಕೋಟಿನ ಗುಂಡಿಯ ಜೊತೆ ಗುದ್ದಾಡುತ್ತಿದ್ದರು. ಕ್ಯಾನ್ಸರ್ ವಾಸಿಯಾಗಿತ್ತು, ಉದುರಿದ ಕೂದಲೂ ಹುಡುಗರ ಕ್ರಾಪಿನಷ್ಟು ಬೆಳೆದಿತ್ತು. ಆದರೆ ಆ ಕಾಯಿಲೆಗೆ ಕೊಟ್ಟ ಔಷಧಿ ಹೋಗುವಾಗ ಬೆರಳ ತುದಿಗಳ ಸ್ಪರ್ಶವನ್ನೇ ಕಿತ್ತುಕೊಂಡು ಹೋಗಿತ್ತು. ಬಸುರಿಯ ಹೊಟ್ಟೆ ಮುಟ್ಟಿ, ಒಳಗೆ ಮಗು ಹೇಗೆ ಮಲಗಿದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದ ಬೆರಳುಗಳು ಅವು.

"ನಾನು ಹಾಕಿಕೊಡಲಾ?" ಗಂಡ ಕೇಳಿದರು.

"ಆಸ್ಪತ್ರೆಗೂ ಬಂದು ಹಾಕಿಕೊಡ್ತೀರಾ?"

"ಸಂಬಳ ಕೊಟ್ಟರೆ ಬರ್ತೀನಿ."

ಡಾಕ್ಟರಿಗೆ ನಗು ಬರಲಿಲ್ಲ. "ಇವತ್ತೊಂದು ದಿನ ನೋಡ್ತೀನಿ. ಆಗಲಿಲ್ಲ ಅಂದ್ರೆ ಕೆಲಸ ಬಿಟ್ಟುಬಿಡ್ತೀನಿ. ಎರಡು ಜೀವದ ವಿಷಯ ರೀ ಇದು, ನನ್ನ ಹಟ ಸಾಧಿಸೋ ಜಾಗ ಅಲ್ಲ."

ಆಸ್ಪತ್ರೆಯಲ್ಲಿ ಎಲ್ಲರೂ ಹೊಟ್ಟೆ ತುಂಬುವಷ್ಟು ಪ್ರೀತಿ ತೋರಿಸಿದರು. ಕೆಲಸ ಮಾತ್ರ ಯಾರೂ ಕೊಡಲಿಲ್ಲ. ಹಿಂದೆ ಇವರ ಕೈಕೆಳಗೇ ಕಲಿತಿದ್ದ ಶಿಷ್ಯೆ ಈಗ ಬಸುರಿಯರನ್ನು ನೋಡುವ ಕೋಣೆಯ ಡಾಕ್ಟರು. "ನೀವು ಸುಮ್ಮನೆ ಕೂತಿರಿ ಮೇಡಂ, ಆಯಾಸ ಮಾಡ್ಕೋಬೇಡಿ," ಎಂದಳು. ಹೊಸ ಸೊಸೆಯ ಹಾಗೆ ಒಂದು ಮೂಲೆಯಲ್ಲಿ ಕೂತದ್ದೇ ಬಂತು.

ಅಷ್ಟರಲ್ಲಿ ಹೆರಿಗೆ ಕೋಣೆಯಿಂದ ಕರೆ ಬಂದು ಶಿಷ್ಯೆ ಓಡಿದಳು. ಮುಂದಿನ ಸರದಿಯವಳು ದಿನ ತುಂಬುತ್ತಿದ್ದ ಬಸುರಿ, ಜೊತೆಗೆ ಅತ್ತೆ. ಡಾಕ್ಟರ ಕ್ರಾಪು ನೋಡುತ್ತಲೇ ಅತ್ತೆಗೆ ಗುರುತು ಹತ್ತಿತು.

"ತಪ್ಪು ತಿಳ್ಕೋಬೇಡಿ ಡಾಕ್ಟ್ರೇ. ನಿಮಗೆ ಆ ಕಾಯಿಲೆ ಬಂದಿತ್ತಲ್ಲ? ಇವಳಿಗೆ ಮೊದಲನೇದು ನಿಲ್ಲಲಿಲ್ಲ. ನನಗೆ ಭಯ. ಆ ಚಿಕ್ಕ ಡಾಕ್ಟ್ರೇ ಬರಲಿ, ಕಾಯ್ತೀವಿ."

"ಅದು ಅಂಟೋ ಕಾಯಿಲೆ ಅಲ್ಲಮ್ಮ."

"ಇರಬಹುದು. ಆದರೂ ನಿಮ್ಮ ಕೈಲಿ ಮೊದಲಿನ ಶಕ್ತಿ ಇರುತ್ತಾ?"

ಡಾಕ್ಟರಿಗೆ ಚುಚ್ಚಿದಂತಾಯಿತು. ಬೆಳಿಗ್ಗೆಯಿಂದ ತಾವೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆಯದು. ಆ ಮುದುಕಿಯ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ?

"ಅತ್ತೆ, ಕೂತು ಕೂತು ನನ್ನ ಸೊಂಟ ಬಿದ್ದುಹೋಯ್ತು. ಇವರೇ ನೋಡಲಿ ಬಿಡಿ," ಎನ್ನುತ್ತ ಸೊಸೆ ಮಂಚ ಹತ್ತಿ ಮಲಗಿಯೇಬಿಟ್ಟಳು.

ಡಾಕ್ಟರು ಹೊಟ್ಟೆಯ ಮೇಲೆ ಬೆರಳಿಟ್ಟರು. ಏನೂ ತಿಳಿಯಲಿಲ್ಲ, ದಪ್ಪ ಕಂಬಳಿಯ ಮೇಲಿಂದ ಮುಟ್ಟಿದ ಹಾಗೆ. ಮೊದಲಾದರೆ ಅವರು ಬಸುರಿಯರನ್ನು ಏನೂ ಕೇಳುತ್ತಿರಲಿಲ್ಲ, ತಾವೇ ಹೇಳಿ ಕಳಿಸುತ್ತಿದ್ದರು. ಇವತ್ತು ಬೇರೆ ದಾರಿ ಇರಲಿಲ್ಲ.

"ಎಲ್ಲಿ ಒದೆಯುತ್ತಮ್ಮ?"

"ಈಗ ಕೆಳಗೆ. ಮೊನ್ನೆವರೆಗೂ ಮೇಲೆ ಒದೀತಿತ್ತು. ಇಲ್ಲಿ ನೋಡಿ, ಪಕ್ಕೆಲುಬಿನ ಕೆಳಗೆ ಏನೋ ಗಟ್ಟಿಯಾಗಿ ಒತ್ತುತ್ತೆ. ಊಟಾನೂ ಸೇರಲ್ಲ."

ಬೆರಳ ತುದಿ ಕೈಕೊಟ್ಟಿದ್ದರೂ ಅಂಗೈಗೆ ಇನ್ನೂ ಜೀವವಿತ್ತು. ಅವಳು ತೋರಿಸಿದ ಜಾಗದಲ್ಲಿ ಇಡೀ ಅಂಗೈಯನ್ನು ಒತ್ತಿ ಹಿಡಿದರು. ಗುಂಡಗೆ, ಗಟ್ಟಿಯಾಗಿ ಏನೋ ಅತ್ತ ಸರಿದು ಮತ್ತೆ ಇತ್ತ ಬಂತು. ತಲೆ! ಇಷ್ಟು ಹೊತ್ತಿಗೆ ಕೆಳಗಿರಬೇಕಾದ ತಲೆ. ಅಥವಾ ಕೈಗೆ ಏನಾದರೂ ತಿಳಿಯಲಿ ಎಂಬ ಆಸೆಯೋ?

ಶಿಷ್ಯೆ ಮರಳಿ ಬಂದಳು. "ಹೋದ ವಾರ ನಾನೇ ನೋಡಿದ್ದೆ ಮೇಡಂ, ತಲೆ ಕೆಳಗೇ ಇತ್ತು."

'ಹಾಗಾದರೆ ನನ್ನದೇ ತಪ್ಪಿರಬೇಕು' ಎಂಬ ಮಾತು ಡಾಕ್ಟರ ನಾಲಿಗೆಯ ತುದಿಗೆ ಬಂತು. ಹಾಗೆಂದುಬಿಟ್ಟರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಅದನ್ನು ನುಂಗಿಕೊಂಡರು.

"ಈಗ ತಲೆ ಮೇಲಿದೆ ಅನ್ನಿಸ್ತಿದೆ. ಬೆರಳು ನಂಬಿ ಹೇಳ್ತಿಲ್ಲ. ಇವಳು ಹೇಳಿದ್ದೂ ನನ್ನ ಅಂಗೈಗೆ ಸಿಕ್ಕಿದ್ದೂ ಒಂದೇ ಆಗಿದೆ. ಸ್ಕ್ಯಾನ್ ಮಾಡಿಸೋಣ."

ಸ್ಕ್ಯಾನಿನ ಪರದೆಯ ಮೇಲೆ ಮಗು ಮಹಾರಾಜನ ಹಾಗೆ ತಲೆ ಮೇಲೆ ಮಾಡಿ ಕೂತಿತ್ತು. ಶಿಷ್ಯೆಯ ಮುಖ ಸಪ್ಪಗಾಯಿತು. "ತಿರುಗಿಬಿಟ್ಟಿದೆ ಮೇಡಂ. ನಾನಾಗಿದ್ರೆ ಹಾಗೇ ಮನೆಗೆ ಕಳಿಸ್ತಿದ್ನೇನೋ."

"ಈಗಲೇ ತಿಳಿದಿದ್ದು ಒಳ್ಳೇದಾಯ್ತು. ಹೊರಗಿನಿಂದಲೇ ಮಗುವನ್ನು ತಿರುಗಿಸಿ ನೋಡೋ ದಾರಿ ಇದೆ, ಗಾಬರಿ ಬೇಡ," ಎಂದು ಡಾಕ್ಟರು ಅತ್ತೆಯ ಕಡೆ ತಿರುಗಿದರು.

ಅತ್ತೆ ಸೆರಗಿನ ಅಂಚು ತಿರುವುತ್ತ ಮೆಲ್ಲಗೆ ಕೇಳಿದರು, "ಹೆರಿಗೆ ದಿನಾನೂ ನೀವು ಇರ್ತೀರಲ್ಲ, ಡಾಕ್ಟ್ರೇ?"

ಡಾಕ್ಟರು ಶಿಷ್ಯೆಯ ಕಡೆ ಕೈ ತೋರಿಸಿದರು.

"ಆಪರೇಷನ್ ಬೇಕಾದರೆ ಮಾಡೋದು ಇವಳು. ನನ್ನ ಬೆರಳಿಗೆ ಇನ್ನೂ ಸ್ಪರ್ಶ ಬಂದಿಲ್ಲ, ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ?" ಎಂದರು. "ಆದರೆ ನಾನು ಇರ್ತೀನಮ್ಮ. ಅವತ್ತೂ ಇರ್ತೀನಿ, ನಾಳೆಯೂ ಇರ್ತೀನಿ."